ಗ್ಯಾರೇಜಿನ ಗಲ್ಲಾದಿಂದ ದಶಮಾಂಶ: ಅಪ್ಪ ಅಮ್ಮನ ಲೆಕ್ಕ ನನಗೂ ನಡೆಯಿತು

ದಶಮಾಂಶ ಅಂದರೆ ದುಡಿಮೆಯ ಹತ್ತನೇ ಪಾಲನ್ನು ದೇವರಿಗೆ ಕೊಡುವುದು. ಸಂಬಳದವರಿಗೆ ಅದು ಸುಲಭ. ಒಂದನೇ ತಾರೀಕು ದುಡ್ಡು ಬರುತ್ತದೆ, ಹತ್ತರಲ್ಲಿ ಒಂದು ಪಾಲು ತೆಗೆದಿಟ್ಟರೆ ಆಯಿತು. ನನ್ನದು ಮಂಗಳೂರಿನಲ್ಲಿ ಸಣ್ಣ ಟೂವೀಲರ್ ಗ್ಯಾರೇಜ್. ಇವತ್ತು ಎಂಟು ಸಾವಿರ ಬಂದರೆ ನಾಳೆ ಮುನ್ನೂರು. ಇದರಲ್ಲಿ ದಶಮಾಂಶ ಕೊಡಲು ಹೋದರೆ ಅಂಗಡಿ ಮುಚ್ಚಬೇಕಾಗುತ್ತದೆ ಅಂತ ಭಾವನಿಂದ ಹಿಡಿದು ಚರ್ಚಿನ ಸಭೆಯ ಗೆಳೆಯರವರೆಗೆ ಎಲ್ಲರೂ ಹೇಳಿದ್ದರು. "ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ನಮಗೆ ತಿಂಗಳ ವಂತಿಗೆ ಉಂಟು, ದಶಮಾಂಶ ಎಲ್ಲ ಪೆಂತೆಕೋಸ್ತಿನವರದ್ದು ಮಾರಾಯ" ಅಂದವರೂ ಇದ್ದಾರೆ. ಈಗ ನಾಲ್ಕು ವರ್ಷದ ಮೇಲಾಯಿತು, ನಿಂತಿಲ್ಲ. ಗ್ಯಾರೇಜೂ ನಡೆಯುತ್ತಿದೆ.

ನಾನು ಕಲಿತದ್ದು ಮನೆಯಲ್ಲಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮವರ ಎಷ್ಟೋ ಮನೆಗಳು ಹಂಚಿನ ಕೆಲಸದಲ್ಲೇ ಬದುಕಿದವು. ಅಪ್ಪನೂ ಒಂದು ಹಂಚಿನ ಕಾರ್ಖಾನೆಯಲ್ಲೇ ಇದ್ದರು. ಶನಿವಾರ ಕೂಲಿಯ ಬಟವಾಡೆ. ಮನೆಗೆ ಬಂದು ಕೈಕಾಲು ತೊಳೆದು ಮೊದಲು ದುಡ್ಡು ಎಣಿಸಿ ಹತ್ತರಲ್ಲೊಂದು ಪಾಲನ್ನು ಡಬ್ಬಿಗೆ ಹಾಕುತ್ತಿದ್ದರು. ಅಂಗಡಿ ಸಾಲ, ಮೀನು, ಅಕ್ಕಿ ಎಲ್ಲ ಆಮೇಲೆ. ಮಳೆಗಾಲದಲ್ಲಿ ಹಸಿ ಹಂಚು ಒಣಗುವುದಿಲ್ಲ, ಕೆಲಸ ಕಡಿಮೆ, ಕೂಲಿ ಕಡಿಮೆ. ಆಗ ಡಬ್ಬಿಗೆ ಬೀಳುವುದೂ ಕಡಿಮೆ, ಆದರೆ ಬೀಳುತ್ತಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಸಿಕ್ಕ ದುಡ್ಡಿಗೂ ಅದೇ ಲೆಕ್ಕ. ಅದರ ಮೇಲೆ ಹಿಡಿ ಅಕ್ಕಿ ಬೇರೆ: ಅನ್ನಕ್ಕೆ ಅಳೆದ ಅಕ್ಕಿಯಿಂದಲೇ ಒಂದು ಹಿಡಿ ವಾಪಸ್ ತೆಗೆದು ಇನ್ನೊಂದು ಡಬ್ಬಕ್ಕೆ. ಇಬ್ಬರೂ ನಮ್ಮನ್ನು ಕೂರಿಸಿ ಪಾಠ ಹೇಳಿದವರಲ್ಲ. ನಾವು ನೋಡುತ್ತಿದ್ದೆವು, ಅಷ್ಟೇ.

ಆದರೆ ನೋಡಿದ್ದನ್ನು ಗ್ಯಾರೇಜಿಗೆ ತರುವುದು ಬೇರೆ ಕೆಲಸ. ಮೊದಲು ತಿಂಗಳ ಕೊನೆಗೆ ಲೆಕ್ಕ ಹಾಕಿ ಕೊಡೋಣ ಅಂದುಕೊಂಡೆ. ತಿಂಗಳ ಕೊನೆಗೆ ಯಾರ ಗಲ್ಲಾದಲ್ಲಿ ದುಡ್ಡಿರುತ್ತದೆ ಹೇಳಿ? ಬಾಡಿಗೆ, ಪಾರ್ಟ್ಸ್ ಅಂಗಡಿಯ ಬಾಕಿ, ಹುಡುಗನ ಸಂಬಳ ಎಲ್ಲ ಕೊಟ್ಟು ಉಳಿದದ್ದರಲ್ಲಿ ದೇವರಿಗೆ ಕೊಡುವುದಾದರೆ ಉಳಿದದ್ದೇ ಇಲ್ಲ. ಆಮೇಲೆ ಬಂದದ್ದಕ್ಕೆಲ್ಲ ಹತ್ತರಲ್ಲೊಂದು ಅಂತ ಹಟಕ್ಕೆ ಬಿದ್ದೆ. ಇದು ಇನ್ನೂ ಕಷ್ಟ. ತಿಂಗಳಿಗೆ ಸುಮಾರು ಒಂದೂವರೆ ಲಕ್ಷ ಕೈಯಲ್ಲಿ ಓಡಾಡುತ್ತದೆ. ಅದರಲ್ಲಿ ಎಂಬತ್ತೈದು, ತೊಂಬತ್ತು ಸಾವಿರ ಪಾರ್ಟ್ಸಿಗೆ ಮತ್ತು ಆಯಿಲಿಗೆ ಹೋಗುತ್ತದೆ, ಬಾಡಿಗೆ ಕರೆಂಟಿಗೆ ಹನ್ನೆರಡು, ಹುಡುಗನಿಗೆ ಹದಿನೆಂಟು. ನನಗೆ ಉಳಿಯುವುದು ಮೂವತ್ತು ಸಾವಿರದ ಆಚೆ ಈಚೆ. ಹದಿನೈದು ಸಾವಿರ ದಶಮಾಂಶ ಕೊಟ್ಟರೆ ನನ್ನ ದುಡಿಮೆಯ ಅರ್ಧ ಹೋಯಿತು. ಮೂರು ತಿಂಗಳು ತಳ್ಳಿದೆ, ಪಾರ್ಟ್ಸ್ ಅಂಗಡಿಯವರು ಸಾಲ ನಿಲ್ಲಿಸಿದರು. ಭಾವ "ಹೇಳಿದ್ದೆ ಅಲ್ವಾ" ಅಂದರು.

ಆಗ ಅಪ್ಪ ಕೇಳಿದ್ದು ಒಂದೇ ಮಾತು. "ಪಾರ್ಟಿನ ದುಡ್ಡು ನಿನ್ನದಾ?" ನನ್ನದಲ್ಲ. ಹುಡುಗನ ಸಂಬಳ? ಅದೂ ನನ್ನದಲ್ಲ, ಅದು ಅವನ ದುಡಿಮೆ. "ಹಾಗಾದರೆ ನಿನ್ನ ಬಟವಾಡೆ ಎಷ್ಟು ಅಂತ ಮೊದಲು ನೋಡು" ಅಂದರು.

ಕೂಡಲೇ ಶುರು ಮಾಡಲಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಗ್ಯಾರೇಜಿಗೆ ಬೀಗ. ಸೊನ್ನೆಯ ದಶಮಾಂಶ ಸೊನ್ನೆಯೇ. ಅಮ್ಮ ಮಾತ್ರ ಹಿಡಿ ಅಕ್ಕಿ ನಿಲ್ಲಿಸಲಿಲ್ಲ. ಆ ಡಬ್ಬದ ಅಕ್ಕಿಯೇ ಪಕ್ಕದ ಬಾಡಿಗೆ ಮನೆಯ ಗಾರೆ ಕೆಲಸದವರಿಗೆ ಎಷ್ಟೋ ದಿನ ಊಟವಾಯಿತು. ರೇಷನ್ ಅಕ್ಕಿಯಲ್ಲಿ ನಾವೇ ದಿನ ದೂಡುತ್ತಿದ್ದ ಹೊತ್ತು ಅದು. ಅದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಯಾರ ವಾದವೂ ಬೇಕಾಗಲಿಲ್ಲ.

ಈಗ ಮಾಡುವುದು ಹೀಗೆ. ಗಲ್ಲಾದಲ್ಲಿ ಎರಡು ಪಾಲು. ಬಿಲ್ ಬರೆಯುವಾಗಲೇ ಪಾರ್ಟ್ಸ್ ಬೇರೆ, ಲೇಬರ್ ಬೇರೆ. ಫೋನಿನಲ್ಲಿ ಬಂದ ದುಡ್ಡನ್ನೂ ರಾತ್ರಿ ಹಾಗೇ ಬೇರೆ ಮಾಡಿ ಬರೆಯುತ್ತೇನೆ. ಬಾಡಿಗೆ, ಹುಡುಗನ ಸಂಬಳ ಹೋಗುವುದು ಲೇಬರ್ ಪಾಲಿನಿಂದ. ಶನಿವಾರ ಸಂಜೆ ಶಟರ್ ಎಳೆಯುವ ಮೊದಲು ನನಗೆ ನಾನೇ ಬಟವಾಡೆ ಮಾಡುತ್ತೇನೆ. ಸಾಮಾನ್ಯ ವಾರದಲ್ಲಿ ಏಳು ಸಾವಿರ, ಮಳೆಗಾಲದಲ್ಲಿ ನಾಲ್ಕೂವರೆ, ಐದು. ಅದರ ಹತ್ತನೇ ಪಾಲು ಅಲ್ಲೇ ಲಕೋಟೆಗೆ. ಮನೆಗೆ ಹೋದ ದುಡ್ಡು ವಾಪಸ್ ಬರುವುದಿಲ್ಲ, ಆದ್ದರಿಂದ ಇದು ಗ್ಯಾರೇಜಿನಲ್ಲೇ ಆಗಬೇಕು. ಮಾರ್ಚ್ ಕೊನೆಗೆ ಲೆಕ್ಕ ಮುಗಿಸಿ ಲಾಭ ಜಾಸ್ತಿ ಉಳಿದಿದ್ದರೆ ಅದಕ್ಕೂ ಹತ್ತರಲ್ಲೊಂದು. ನಾಲ್ಕು ವರ್ಷದಲ್ಲಿ ಒಟ್ಟು ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ ಆಗಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಬೆಳೆದವನು ನಾನು, ಅಪ್ಪ ಇಂಥ ಮೊತ್ತ ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಆಗುವುದೇ ಇಲ್ಲ ಅನ್ನುವವರಿಗೆ ಲೆಕ್ಕ ತೋರಿಸಲೇಬೇಕು. ಆಗಿದೆ, ಮತ್ತು ಇದೇ ನಾಲ್ಕು ವರ್ಷದಲ್ಲಿ ಪಾರ್ಟ್ಸ್ ಅಂಗಡಿಯ ಹಳೆ ಬಾಕಿಯೂ ತೀರಿದೆ.

ಗುಜರಿ ದುಡ್ಡಿನದು ಇನ್ನೊಂದು ಪ್ರಯೋಗ. ಹಳೆ ಚೈನು, ಟಯರು, ಬ್ಯಾಟರಿ, ತೆಗೆದ ಇಂಜಿನ್ ಆಯಿಲ್ ಎಲ್ಲ ಮಾರಿದರೆ ತಿಂಗಳಿಗೆ ಎರಡು, ಎರಡೂವರೆ ಸಾವಿರ ಬರುತ್ತದೆ. ಹೊಲ ಕೊಯ್ಯುವಾಗ ಅಂಚನ್ನು ಬಡವರಿಗೆ ಬಿಡಬೇಕು ಅಂತ ಬೈಬಲಿನ ಯಾಜಕಕಾಂಡದಲ್ಲಿ ಇದೆಯಲ್ಲ, ನನ್ನ ಹೊಲದ ಅಂಚು ಇದೇ ಅಂತ ಲೆಕ್ಕ ಹಾಕಿದೆ. ಇದರಿಂದ ಒಂದು ಪೈಸೆಯೂ ಚರ್ಚಿಗಲ್ಲ, ನನಗೂ ಅಲ್ಲ. ಯಾರಿಗೆ ಹೋಗುತ್ತದೆ, ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಪಡೆದವರಿಗೆ ಕಷ್ಟ.

ಚರ್ಚಿನ ಬೆಳೆ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯ ಏಲಂ ಸಹ ಲೆಕ್ಕದ ಹೊರಗೆ. ಹೋದ ಸಲ ಒಂದು ಮಂಗಳೂರು ಸೌತೆಕಾಯಿಗೆ ಎಂಟುನೂರು ಕೂಗಿ ತಂದೆ. ಅದು ಖುಷಿಯ ದುಡ್ಡು, ಲಕೋಟೆಯಿಂದ ತೆಗೆಯಬಾರದು.

ಮಕ್ಕಳ ವಿಷಯ ಬೇರೆಯೇ. ಸಭೆಯಲ್ಲಿ ಕ್ಯೂಆರ್ ಕೋಡ್ ಬಂದ ಮೇಲೆ ಸುಲಭ ಅಂತ ನಾನು ಫೋನಿನಲ್ಲೇ ಹಾಕತೊಡಗಿದೆ. ಒಂದು ಭಾನುವಾರ ಸಣ್ಣವಳು ಕೇಳಿದಳು, "ಪಪ್ಪಾ, ನಾವೀಗ ಕಾಣಿಕೆ ಹಾಕುವುದಿಲ್ವಾ?" ಅವಳಿಗೆ ಕಂಡದ್ದು ನನ್ನ ಮುಂದೆ ಸುಮ್ನೆ ದಾಟಿ ಹೋದ ಕಾಣಿಕೆ ಚೀಲ. ಮರುವಾರದಿಂದ ಮತ್ತೆ ನೋಟು. ಮಕ್ಕಳಿಗೆ ವಾರಕ್ಕೆ ನೂರು ರೂಪಾಯಿ ಕೊಡುತ್ತೇನೆ, ಹತ್ತರ ನೋಟಿನಲ್ಲೇ. ಒಂದು ನೂರರ ನೋಟು ಕೊಟ್ಟರೆ ಹತ್ತನ್ನು ಬೇರೆ ಇಡುವುದು ಹೇಗೆ? ದೊಡ್ಡವನು ಎರಡು ವಾರ ಹಾಕಲಿಲ್ಲ, ನಾನು ಕೇಳಲೂ ಇಲ್ಲ. ಮೂರನೇ ವಾರ ಅವನಾಗಿಯೇ ಹಾಕಿದ.

ಸಲೂನ್, ಕೇಟರಿಂಗ್, ಟೈಲರಿಂಗ್ ಮಾಡುವ ಗೆಳೆಯರು ಈಗ ಬಂದು ಕೇಳುತ್ತಿದ್ದಾರೆ. ಅವರಿಗೆ ಹೇಳುವುದು ಇಷ್ಟೇ: ದಶಮಾಂಶ ಆಮೇಲೆ, ಮೊದಲು ಆರು ವಾರ ನಿಮ್ಮ ಬಟವಾಡೆ ಎಷ್ಟು ಅಂತ ಬರೆದಿಡಿ. ಕೆಲಸದ ಹುಡುಗನಿಗೆ ಕೊಟ್ಟ ಅಡ್ವಾನ್ಸನ್ನು ದಾನದ ಲೆಕ್ಕಕ್ಕೆ ಸೇರಿಸಬೇಡಿ. ಸಾಲದ ಕಂತು ಕಟ್ಟಿದ ಮೇಲೆ ಉಳಿದದ್ದರಲ್ಲಿ ಕೊಡುತ್ತೇನೆ ಅಂತಲೂ ಹೊರಡಬೇಡಿ, ಕಂತು ಮುಗಿಯುವುದಿಲ್ಲ.