ಕಚ್ಚುವ ಬಲ ಅಳೆಯೋ ಪುಟ್ಟ ಸಾಧನ: ಮಾಡೋದು ಹೇಗೆ?

ದೊಡ್ಡವರು ದವಡೆ ಹಲ್ಲಿನಿಂದ ಜೋರಾಗಿ ಕಚ್ಚಿದರೆ ಸಾಮಾನ್ಯವಾಗಿ 300ರಿಂದ 700 ನ್ಯೂಟನ್ ಬಲ ಬೀಳುತ್ತದೆ. ಅಂದರೆ ಹೆಚ್ಚುಕಡಿಮೆ 30ರಿಂದ 70 ಕೆ.ಜಿ. ಭಾರ! ಮುಂದಿನ ಹಲ್ಲುಗಳಲ್ಲಿ ಇದು ತುಂಬಾ ಕಡಿಮೆ. ಸಾಧನ 1000 ನ್ಯೂಟನ್ ತಡೆಯುವಂತಿರಲಿ.

ಮೊದಲು ಸೆನ್ಸರ್. ಕಾಗದದಷ್ಟು ತೆಳು ಫೋರ್ಸ್ ಸೆನ್ಸರ್ ನೋಡಿದರೆ ಆಸೆಯಾಗುತ್ತದೆ, ಆದರೆ ಹಲ್ಲು ಎಷ್ಟು ಜಾಗಕ್ಕೆ ತಾಗಿತು ಅನ್ನೋದರ ಮೇಲೆ ಅದರ ರೀಡಿಂಗ್ ಬದಲಾಗುತ್ತದೆ, ಒತ್ತಿ ಹಿಡಿದರೆ ನಿಧಾನಕ್ಕೆ ಜಾರುತ್ತಲೂ ಇರುತ್ತದೆ. ಸುಮ್ನೆ ಬಿಟ್ಟುಬಿಡಿ. ಸ್ಟೀಲ್ ಮೇಲೆ ಅಂಟಿಸುವ ಸ್ಟ್ರೈನ್ ಗೇಜ್ (ಸ್ಟೀಲ್ ಬಾಗಿದಂತೆ ವಿದ್ಯುತ್ ರೋಧ ಬದಲಾಗುವ ತೆಳು ಸೆನ್ಸರ್) ವಾಸಿ.

ಎರಡು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನು ಇಕ್ಕಳದ ಹಾಗೆ ಹಿಂದೆ ಸೇರಿಸಿ ಬೋಲ್ಟ್ ಹಾಕಿ. ತುದಿ ಬಾಯೊಳಗೆ, ಹಿಡಿ ಹೊರಗೆ. ನಿಜವಾದ ತಲೆನೋವು ಇರೋದು ಇಲ್ಲೇ. ತುದಿಯಲ್ಲಿ ಕಚ್ಚಿದರೆ ಪಟ್ಟಿ ಜಾಸ್ತಿ ಬಾಗುತ್ತದೆ, ಸ್ವಲ್ಪ ಹಿಂದೆ ಕಚ್ಚಿದರೆ ಕಡಿಮೆ. ಬಲ ಒಂದೇ, ಅಂಕಿ ಬೇರೆ ಬೇರೆ! ಇದಕ್ಕೆ ಉಪಾಯ ಇದೆ: ಹಲ್ಲು ಕೂರುವ ಜಾಗಕ್ಕಿಂತ ಹಿಂದೆ, ಒಂದೇ ಪಟ್ಟಿಯ ಉದ್ದಕ್ಕೆ ಎರಡು ಜಾಗದಲ್ಲಿ, ನಡುವೆ ಅಂತರ ಬಿಟ್ಟು, ಮೇಲೊಂದು ಕೆಳಗೊಂದರಂತೆ ಒಟ್ಟು ನಾಲ್ಕು ಗೇಜ್ ಅಂಟಿಸಿ, ಎರಡೂ ಜಾಗದ ಬಾಗುವಿಕೆಯ ವ್ಯತ್ಯಾಸ ಮಾತ್ರ ಹೊರಬರುವಂತೆ ವೀಟ್‌ಸ್ಟನ್ ಬ್ರಿಡ್ಜ್ (ರೋಧದ ಸಣ್ಣ ಬದಲಾವಣೆಯನ್ನು ವೋಲ್ಟೇಜ್ ಆಗಿಸುವ ಸರ್ಕ್ಯೂಟ್) ಜೋಡಿಸಿ. ಆಗ ಹಲ್ಲು ಅರ್ಧ ಸೆಂಟಿಮೀಟರ್ ಆಚೀಚೆ ಆದರೂ ಅಂಕಿ ಕದಲುವುದಿಲ್ಲ. ಬಾಯಿಯ ಬಿಸಿಯಿಂದ ಬರುವ ಏರುಪೇರೂ ಬಹುಪಾಲು ಕಳೆದುಹೋಗುತ್ತದೆ.

ಬ್ರಿಡ್ಜ್ ಕೊಡೋದು ಕೆಲವೇ ಮಿಲಿವೋಲ್ಟ್. ಅದನ್ನು ಓದಲು ತೂಕದ ಯಂತ್ರಗಳಲ್ಲಿ ಬಳಸುವ ಎಚ್‌ಎಕ್ಸ್711 ಚಿಪ್ ಸಾಕು, 24 ಬಿಟ್‌ನದು, ಅಂದರೆ ತೀರಾ ಸಣ್ಣ ಬದಲಾವಣೆಯನ್ನೂ ಅಂಕಿಯಾಗಿಸುತ್ತದೆ. ಆದರೆ ಇದರ ಬೋರ್ಡ್‌ಗಳು ಹೆಚ್ಚಾಗಿ ಸೆಕೆಂಡಿಗೆ 10 ರೀಡಿಂಗ್‌ಗೆ ಸೆಟ್ ಆಗಿರುತ್ತವೆ. ಗಟ್ಟಿಯಾಗಿ ಕಚ್ಚಿದ ಆ ಒಂದು ಕ್ಷಣ ತಪ್ಪಿಹೋದರೆ ಏನು ಪ್ರಯೋಜನ, ಅಲ್ವಾ? ಚಿಪ್‌ನ ರೇಟ್ ಪಿನ್ ಅನ್ನು ಹೈ ಮಾಡಿ (ಅಂದರೆ ಅದರ ಪವರ್ ಪಿನ್‌ಗೆ ಜೋಡಿಸಿ), ಸೆಕೆಂಡಿಗೆ 80 ಸಿಗುತ್ತದೆ. ಉಳಿದದ್ದು ಮಾಮೂಲಿ: ಆರ್ಡುಯಿನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಟ್ರೋಲರ್ ಬೋರ್ಡ್), ಪುಟ್ಟ ಪರದೆ, ಲಿಥಿಯಂ ಬ್ಯಾಟರಿ. ಪರದೆಯಲ್ಲಿ ಗರಿಷ್ಠ ಅಂಕಿ ನಿಲ್ಲುವಂತೆ ಪ್ರೋಗ್ರಾಂ ಬರೆಯಿರಿ. ಚಾರ್ಜಿಂಗ್ ವೈರ್ ಸಿಕ್ಕಿಸಿಕೊಂಡು ಮಾತ್ರ ಯಾರ ಬಾಯಿಗೂ ಇಡಬೇಡಿ.

ಇನ್ನು ಕ್ಯಾಲಿಬ್ರೇಶನ್, ಅಂದರೆ ಸಾಧನದ ಅಂಕಿಯನ್ನು ನಿಜವಾದ ಬಲಕ್ಕೆ ಹೊಂದಿಸೋದು. ಹಲ್ಲು ಕೂರುವ ಜಾಗಕ್ಕೇ ಗೊತ್ತಿರುವ ತೂಕ ತೂಗುಹಾಕಿ. 10 ಕೆ.ಜಿ. ಅಂದರೆ 98 ನ್ಯೂಟನ್. ಏರಿಸುತ್ತಾ ಒಮ್ಮೆ, ಇಳಿಸುತ್ತಾ ಒಮ್ಮೆ ಬರೆದುಕೊಳ್ಳಿ. ಎರಡಕ್ಕೂ ತಾಳೆಯಾಗದಿದ್ದರೆ ಗೇಜ್ ಅಂಟು ಸರಿಯಾಗಿ ಕೂತಿಲ್ಲ, ಇಲ್ಲವೇ ಬೋಲ್ಟ್ ಸಡಿಲ.

ತುದಿಗಳಿಗೆ ರಬ್ಬರ್ ಪ್ಯಾಡ್ ಹಾಕಿ. ಬರೀ ಸ್ಟೀಲ್ ಕಚ್ಚಲು ಯಾರಿಗೂ ಧೈರ್ಯ ಬರಲ್ಲ, ರೀಡಿಂಗೂ ಕಡಿಮೆ ಬರುತ್ತದೆ. ಮೇಲೊಂದು ಕವರ್, ಪ್ರತಿಯೊಬ್ಬರಿಗೂ ಹೊಸದು. ಅಲ್ಲಾಡುವ ಹಲ್ಲು ಇದ್ದವರಿಗೆ, ಹೊಸದಾಗಿ ಕ್ಯಾಪ್ ಹಾಕಿಸಿಕೊಂಡವರಿಗೆ ಈ ಪರೀಕ್ಷೆ ಬೇಡ.