ಎಡಬಲ ಒಂದೇ ಅಲ್ಲದ ಮೆದುಳು: ಮೇಳಕ್ಕೆ ಕಾಗದದ ಮಾದರಿ ಮಾಡುವ ಕ್ರಮ

ಕಾಸರಗೋಡಿನ ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಶಾಲಾ ವಿಜ್ಞಾನ ಮೇಳಕ್ಕೆ ಮೆದುಳಿನ ಸ್ಟಿಲ್ ಮಾಡೆಲ್ (ಚಲಿಸದ ಮಾದರಿ) ಮಾಡುವವರು ಸಾಮಾನ್ಯವಾಗಿ ಒಂದು ಅರ್ಧವನ್ನು ರೂಪಿಸಿ, ಕನ್ನಡಿಯಲ್ಲಿ ಕಂಡಂತೆ ಅದನ್ನೇ ಇನ್ನೊಂದು ಬದಿಗೂ ಮಾಡಿಬಿಡುತ್ತಾರೆ. ನೋಡಲು ಚಂದ, ಆದರೆ ಮನುಷ್ಯನ ಮೆದುಳು ಹಾಗಿಲ್ಲ. ಹೆಚ್ಚಿನವರಲ್ಲಿ ಬಲ ಅರ್ಧದ ಮುಂಭಾಗ ತುಸು ಮುಂದೆ ಚಾಚಿ ಅಗಲವಾಗಿರುತ್ತದೆ. ಎಡ ಅರ್ಧದ ಹಿಂಭಾಗ ಹಿಂದಕ್ಕೆ ಉಬ್ಬಿ, ನಡುಗೆರೆ ದಾಟಿ ಬಲಕ್ಕೆ ವಾಲಿರುತ್ತದೆ. ಮೇಲಿನಿಂದ ನೋಡಿದರೆ ಇಡೀ ಮೆದುಳು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಸ್ವಲ್ಪ ತಿರುಚಿದಂತೆ ಕಾಣುತ್ತದೆ. ನರಅಂಗರಚನಾ ತಜ್ಞ ಪಾಲ್ ಯಾಕೊವ್ಲೆವ್ ಹೆಸರಿನಿಂದ ಇದನ್ನು ಯಾಕೊವ್ಲೆವ್ ಟಾರ್ಕ್ (ತಿರುಚು) ಎನ್ನುತ್ತಾರೆ. ಮಾದರಿಯಲ್ಲಿ ಕಾಣಿಸಬೇಕಾದದ್ದು ಇದು.

ಮೊದಲು ದಿಕ್ಕು. ಎಂಆರ್‌ಐ ಚಿತ್ರ ನೋಡಿ ಮಾಡುವವರು ಎಡವುವುದೇ ಇಲ್ಲಿ. ಸ್ಕ್ಯಾನ್ ಚಿತ್ರವನ್ನು ರೋಗಿಯ ಕಾಲಿನ ಕಡೆಯಿಂದ ನೋಡಿದಂತೆ ಇಡುವುದು ರೂಢಿ. ಆದ್ದರಿಂದ ಚಿತ್ರದ ಬಲಬದಿಯಲ್ಲಿರುವುದು ರೋಗಿಯ ಎಡ. ಹಾಗೇ ನಕಲು ಮಾಡಿದರೆ ತಿರುಚು ಪೂರ್ತಿ ಉಲ್ಟಾ ಆಗುತ್ತದೆ. ಹಲಗೆಯ ಮೇಲೆ ಹಣೆಯ ಕಡೆಗೆ ಬಾಣ ಎಳೆದು, ಬಾಣ ನಿಮ್ಮಿಂದ ಆಚೆಗೆ ಮುಖಮಾಡುವಂತೆ ಕುಳಿತುಕೊಳ್ಳಿ. ಈಗ ನಿಮ್ಮ ಎಡವೇ ಮೆದುಳಿನ ಎಡ. ಪೆನ್ಸಿಲಿನಲ್ಲಿ ಬರೆದಿಡಿ.

ಅಳತೆ ನಿಜಗಾತ್ರದ ಒಂದೂವರೆ ಪಟ್ಟು ಇರಲಿ: ಉದ್ದ 25, ಅಗಲ 21, ಎತ್ತರ 14 ಸೆಂಟಿಮೀಟರ್. ನಡುವೆ ನಿಲ್ಲಿಸಲು ರಟ್ಟು ಕತ್ತರಿಸಿ, ಅದರ ಹಿಂದಿನ 5 ಸೆಂಟಿಮೀಟರನ್ನು ಬಲಕ್ಕೆ ಬಾಗಿಸಿ. ತುದಿ ನಡುಗೆರೆಯಿಂದ 1 ಸೆಂಟಿಮೀಟರ್ ಸರಿದರೆ ಸಾಕು. ಹಳೆ ಪೇಪರ್ ಮುದುಡಿ ನೂಲು ಸುತ್ತಿ ಎರಡು ಅರ್ಧಗಳ ಒಳತಿರುಳು ಮಾಡಿಕೊಳ್ಳಿ, ಸುತ್ತಲೂ ಒಂದೂವರೆ ಸೆಂಟಿಮೀಟರ್ ಚಿಕ್ಕದಾಗಿ. ಎರಡೂ ಒಂದೇ ಉದ್ದವಿರಲಿ. ಬಲದ್ದನ್ನು 8 ಮಿಲಿಮೀಟರ್ ಮುಂದಕ್ಕೆ ಸರಿಸಿ ಅಂಟಿಸಿದರೆ ಮುಂದಿನ, ಹಿಂದಿನ ಎರಡೂ ಚಾಚು ಒಟ್ಟಿಗೇ ಸಿಗುತ್ತವೆ. ಅಗಲದ ವ್ಯತ್ಯಾಸಕ್ಕೆ ಬಲದ ಮುಂದೆ, ಎಡದ ಹಿಂದೆ ಹೊರಬದಿಗೆ 5 ಮಿಲಿಮೀಟರ್ ಹೆಚ್ಚು ಮೆತ್ತಿ. ನಿಜದಲ್ಲಿ ಅಂತರ ಕೆಲವೇ ಮಿಲಿಮೀಟರ್. ಕಣ್ಣಿಗೆ ಕಾಣಲೆಂದು ಹಿಗ್ಗಿಸಿದ್ದೇವೆ ಎಂದು ಲೇಬಲ್‌ನಲ್ಲಿ ಬರೆಯಲೇಬೇಕು.

ಮೆತ್ತಲು 500 ಗ್ರಾಂ ಪೇಪರನ್ನು ಚೂರು ಮಾಡಿ ಒಂದು ರಾತ್ರಿ ನೆನೆಸಿ, ಜಜ್ಜಿ, ಚೆನ್ನಾಗಿ ಹಿಂಡಿ. 200 ಗ್ರಾಂ ಮೈದಾವನ್ನು ಒಂದು ಲೀಟರ್ ನೀರಿನಲ್ಲಿ ಕುದಿಸಿ ಅಂಟು ಮಾಡಿ, ತಣಿದ ಮೇಲೆ ಬೇಕಾದಷ್ಟೇ ಸೇರಿಸಿ ನಾದಿ. ನಮ್ಮ ಮಳೆಗಾಲದ ತೇವಕ್ಕೆ ಇದು ಮೂರೇ ದಿನದಲ್ಲಿ ಬೂಸ್ಟು ಹಿಡಿದೀತು. ಅಡಿಕೆಗೆ ಬಿಡುವ ಮೈಲುತುತ್ತನ್ನು ಒಂದು ಚಮಚದಷ್ಟು ತೆಗೆದು ಬಿಸಿನೀರಿನಲ್ಲಿ ಕರಗಿಸಿ ಹಾಕಿದರೆ ತಡೆಯುತ್ತದೆ. ಅದು ವಿಷ: ಕೈಗವಸು ಹಾಕಿಕೊಂಡು ದೊಡ್ಡವರೇ ಬೆರೆಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಕಬ್ಬಿಣ, ಅಲ್ಯುಮಿನಿಯಂ ತಿಂದುಹೋಗುತ್ತವೆ. ಒಮ್ಮೆಗೆ ಮುಕ್ಕಾಲು ಸೆಂಟಿಮೀಟರಿಗಿಂತ ದಪ್ಪ ಮೆತ್ತಬೇಡಿ. ಹೊರಗೆ ಒಣಗಿ ಒಳಗೆ ಹಸಿ ಉಳಿದರೆ ಬಿರುಕು ಖಂಡಿತ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಗೂಡು ಇದ್ದರೆ ಅಲ್ಲೇ ಇಡಿ.

ಎರಡನೆಯ ಪದರ ಹಸಿ ಇರುವಾಗಲೇ ಹಿಡಿಸೂಡಿಯ ಕಡ್ಡಿಯಿಂದ ಮಡಿಕೆಗಳನ್ನು ಗೀರಿ. ಎಲ್ಲ ಮಡಿಕೆಗೂ ತಲೆಕೆಡಿಸಿಕೊಳ್ಳುವುದು ಬೇಡ, ಆದರೆ ಪಕ್ಕದ ದೊಡ್ಡ ಸಿಲ್ವಿಯನ್ ಬಿರುಕನ್ನು ಶ್ರದ್ಧೆಯಿಂದ ಕೊರೆಯಿರಿ. ಎಡದಲ್ಲಿ ಅದು ಉದ್ದ, ಹೆಚ್ಚು ಅಡ್ಡಕ್ಕೆ ಸಾಗುತ್ತದೆ. ಬಲದಲ್ಲಿ ಒಂದೂವರೆ ಸೆಂಟಿಮೀಟರ್ ಮೊದಲೇ ಮೇಲಕ್ಕೆ ತಿರುಗಲಿ. ಈ ಬಿರುಕಿನೊಳಗೆ ಅಡಗಿರುವ ಪ್ಲೇನಮ್ ಟೆಂಪೊರಾಲೆ ಎಂಬ, ಭಾಷೆಗೆ ಸಂಬಂಧಿಸಿದ ಭಾಗವನ್ನು ಸಂಶೋಧಕರಾದ ಗೆಶ್ವಿಂಡ್ ಮತ್ತು ಲೆವಿಟ್ಸ್ಕಿ 1968ರಲ್ಲಿ 100 ಮೆದುಳುಗಳಲ್ಲಿ ಅಳೆದರು: 65ರಲ್ಲಿ ಎಡ ದೊಡ್ಡದು, 11ರಲ್ಲಿ ಬಲ, 24ರಲ್ಲಿ ಹೆಚ್ಚುಕಡಿಮೆ ಸಮ. ಇದನ್ನು ಚಾರ್ಟಿನಲ್ಲಿ ದೊಡ್ಡದಾಗಿ ಬರೆಯಿರಿ. ‘ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ’ ಎಂಬ ಚಾರ್ಟನ್ನು ಮಾತ್ರ ದಯವಿಟ್ಟು ತೂಗುಹಾಕಬೇಡಿ. ಲೆಕ್ಕಕ್ಕೂ ಕಲೆಗೂ ಎರಡೂ ಅರ್ಧಗಳು ದುಡಿಯುತ್ತವೆ.

ತೀರ್ಪುಗಾರರು ಎಡಗೈಯವರ ಬಗ್ಗೆ ಕೇಳಿಯೇ ಕೇಳುತ್ತಾರೆ. ಎಡಗೈಯವರ ಮೆದುಳು ತಿರುಗಾಮುರುಗಾ ಅಲ್ಲ. ಅವರಲ್ಲೂ ಸುಮಾರು 70 ಶೇಕಡಾ ಜನರಿಗೆ ಮಾತಿನ ಕೆಲಸ ಮುಖ್ಯವಾಗಿ ಎಡದಲ್ಲೇ ನಡೆಯುತ್ತದೆ. ಮೆದುಳಿನ ಆಕಾರ ನೋಡಿ ಒಬ್ಬರು ಯಾವ ಕೈಯಲ್ಲಿ ಬರೆಯುತ್ತಾರೆಂದು ಹೇಳಲಾಗುವುದಿಲ್ಲ ಎಂದು ಮಕ್ಕಳು ನೇರವಾಗಿ ಉತ್ತರಿಸಲಿ.