ಡೆಕ್ಸಾಗೂ ಮೊದಲು ಗೋಡೆ

‘ಮೂಳೆ ಸವೆದಿದೆಯಂತೆ ಡಾಕ್ಟ್ರೇ’ ಎಂದು ಬರುವವರಲ್ಲಿ ಬಹಳ ಮಂದಿಯ ಕೈಯಲ್ಲಿರುವುದು ಮಂಡಿಯ ಎಕ್ಸ್‌ರೇ. ಅಲ್ಲಿ ಸವೆದಿರುವುದು ಕೀಲಿನ ಮೆದುಮೂಳೆ, ಅದಕ್ಕೆ ನೋವಿರುತ್ತದೆ. ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್‌ಗೆ ಮುರಿಯುವ ತನಕ ನೋವೇ ಇಲ್ಲ. ನೋವಿನ ಜಾಡು ಹಿಡಿದು ಹೋದರೆ ಅದು ಸಿಗುವುದಿಲ್ಲ.

ಹಾಗಾಗಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿಗೂ ಮೊದಲು ನಾನು ಗೋಡೆಯಿಂದ ಶುರು ಮಾಡುತ್ತೇನೆ. ಚಪ್ಪಲಿ ಬಿಡಿಸಿ, ತುರುಬು ಸಡಿಲಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ ಎತ್ತರ ಅಳೆಯುವುದು. ಪ್ರಾಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ, ನೆಟ್ಟಗೆ ನಿಂತರೂ ತಲೆಯ ಹಿಂಭಾಗ ಗೋಡೆ ಮುಟ್ಟದಿದ್ದರೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳು ಹಿಡಿಸದಿದ್ದರೆ ಬೆನ್ನಿನ ಪಕ್ಕನೋಟದ ಎಕ್ಸ್‌ರೇ ಬರೆಯುತ್ತೇನೆ. ಕುಸಿಯುವುದು ಹೆಚ್ಚಾಗಿ ಎದೆ–ಸೊಂಟ ಸೇರುವ ಕಡೆ, ಡಿ12 (ಎದೆಭಾಗದ ಕೊನೆಯ ಕಶೇರು, ಅಂದರೆ ಬೆನ್ನೆಲುಬಿನ ಬಿಡಿ ಮೂಳೆ) ಮತ್ತು ಎಲ್1 (ಸೊಂಟಭಾಗದ ಮೊದಲನೆಯದು). ದೊಡ್ಡ ಪೆಟ್ಟಿಲ್ಲದೆ ಅಲ್ಲೊಂದು ಕಶೇರು ಚಪ್ಪಟೆಯಾಗಿದ್ದು, ಗಡ್ಡೆ, ಸೋಂಕಿನಂಥ ಬೇರೆ ಕಾರಣವಿಲ್ಲದಿದ್ದರೆ, ಸ್ಕ್ಯಾನಿನ ಅಂಕಿ ಏನೇ ಇರಲಿ, ಅದು ಆಸ್ಟಿಯೋಪೊರೋಸಿಸ್ಸೇ.

ಡೆಕ್ಸಾ ಸ್ಕ್ಯಾನ್ 65 ದಾಟಿದ ಹೆಂಗಸರಿಗೆ, 70 ದಾಟಿದ ಗಂಡಸರಿಗೆ. 45ಕ್ಕೆ ಮೊದಲೇ ಮುಟ್ಟು ನಿಂತವರಿಗೆ, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ, ಮೂರು ತಿಂಗಳಿಗೂ ಹೆಚ್ಚು ಸ್ಟೀರಾಯ್ಡ್ ನುಂಗಿದವರಿಗೆ ಬೇಗನೆ. ಅಪಾರ್ಟ್‌ಮೆಂಟ್ ಶಿಬಿರಗಳಲ್ಲಿ ಹಿಮ್ಮಡಿಗೆ ಜೆಲ್ ಹಚ್ಚಿ ನೋಡುವುದು ಅಲ್ಟ್ರಾಸೌಂಡ್, ಡೆಕ್ಸಾ ಅಲ್ಲ. ಆ ಚೀಟಿ ನೋಡಿ ನಾನು ಔಷಧಿ ಬರೆಯುವುದಿಲ್ಲ.

ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿ ಸಾಂದ್ರತೆಯಿಂದ ನಿಮ್ಮದು ಎಷ್ಟು ದೂರವಿದೆ ಎನ್ನುವ ಅಂಕಿ) –2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕಾಯಿಲೆ. –1ರಿಂದ –2.5ರ ನಡುವೆ ಇದ್ದರೆ ಸಾಂದ್ರತೆ ಇಳಿದಿದೆ ಎಂದಷ್ಟೇ ಅರ್ಥ. ಆದರೆ ನಾನು ಅಂಕಿಗಿಂತ ಮೊದಲು ಚಿತ್ರ ನೋಡುತ್ತೇನೆ. ವಯಸ್ಸಾದವರ ಬೆನ್ನಲ್ಲಿ ಬೆಳೆದ ಮುಳ್ಳುಮೂಳೆ, ಚಪ್ಪಟೆಯಾದ ಕಶೇರು, ಗಟ್ಟಿಯಾದ ಮಹಾಧಮನಿ ಎಲ್ಲವೂ ಸಾಂದ್ರತೆಯನ್ನು ಸುಳ್ಳಾಗಿ ಏರಿಸುತ್ತವೆ. ಸೊಂಟದ ಕೀಲು –2.8, ಬೆನ್ನು –0.9 ಎಂದು ಬಂದರೆ ನನ್ನ ನಂಬಿಕೆ ಸೊಂಟದ ಕಡೆಗೇ. ಸೀರೆ ನೆರಿಗೆಯ ಪಿನ್ನು, ಬೆಳ್ಳಿಯ ಉಡಿದಾರ, ಅಂದು ಬೆಳಿಗ್ಗೆ ನುಂಗಿ ಇನ್ನೂ ಕರಗದ ಕ್ಯಾಲ್ಸಿಯಂ ಮಾತ್ರೆ, ಇವೂ ಚಿತ್ರದಲ್ಲಿ ಕೂರುತ್ತವೆ. ಒಂದೆರಡು ವರ್ಷದ ಮೇಲೆ ಮತ್ತೆ ಮಾಡಿಸುವಾಗ ಅದೇ ಯಂತ್ರದಲ್ಲಿ ಮಾಡಿಸಬೇಕು. ಎರಡು ಸೆಂಟರಿನ ಅಂಕಿಗಳನ್ನು ಹೋಲಿಸಲಾಗದು.

ಔಷಧಿಗೆ ಮುಂಚೆ ರಕ್ತ ಪರೀಕ್ಷೆ: ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ಥೈರಾಯ್ಡ್. ಹಿಮೋಗ್ಲೋಬಿನ್ ಕಡಿಮೆಯಿದ್ದು ಇಎಸ್‌ಆರ್ (ರಕ್ತಕಣ ತಳಕ್ಕಿಳಿಯುವ ವೇಗ) ವಿಪರೀತ ಏರಿದ್ದರೆ ಮೈಲೋಮಾ (ಮಜ್ಜೆಯ ಕ್ಯಾನ್ಸರ್) ಹುಡುಕದೆ ಬಿಡಬಾರದು. ಡಿ ತೀರಾ ಕಡಿಮೆಯಿದ್ದು ಫಾಸ್ಫಟೇಸ್ ಏರಿದ್ದರೆ ಅದು ಆಸ್ಟಿಯೋಮಲೇಶಿಯಾ (ಮೂಳೆ ಮೆದುವಾಗುವ ಕಾಯಿಲೆ) ಇರಬಹುದು, ಅದಕ್ಕೆ ಮದ್ದು ಡಿ ಮತ್ತು ಕ್ಯಾಲ್ಸಿಯಂ. ಹೆಚ್ಚಿನವರಿಗೆ ವಿಟಮಿನ್ ಡಿ ವಾರಕ್ಕೊಂದು 60,000 ಯೂನಿಟ್, ಎಂಟು ವಾರ. ಆಮೇಲೆ ತಿಂಗಳಿಗೊಂದು. (ದಿನಕ್ಕೊಂದು ನುಂಗಿ ಕ್ಯಾಲ್ಸಿಯಂ ಮಿತಿಮೀರಿಸಿಕೊಂಡು ಬರುವವರೂ ಇದ್ದಾರೆ, ಚೀಟಿಯಲ್ಲಿ ‘ವಾರಕ್ಕೆ’ ಎನ್ನುವುದನ್ನು ದಪ್ಪಕ್ಕೆ ಬರೆಯಿರಿ.) ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಆರಕ್ಕೆ ನಡೆದರೆ ಕಾಲಿಗೆ ಒಳ್ಳೆಯದು, ವಿಟಮಿನ್ ಡಿ ಸಿಗದು. ಅದಕ್ಕೆ ಹತ್ತು ಹನ್ನೊಂದರ ಮೇಲಿನ ಬಿಸಿಲು ನೇರ ಮೈಗೆ ಬೀಳಬೇಕು, ಬಾಲ್ಕನಿಯ ಗಾಜಿನ ಹಿಂದೆ ಕೂತರೆ ಆಗದು.

ಕ್ಯಾಲ್ಸಿಯಂ ದಿನಕ್ಕೆ ಒಟ್ಟು 1000–1200 ಮಿ.ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಇದೆ, ಲೋಟ ಹಾಲಿನಲ್ಲಿ 240ರಷ್ಟು. ಊಟದಲ್ಲಿ ಬಂದದ್ದು ಕಳೆದು ಉಳಿದದ್ದಕ್ಕೆ ಮಾತ್ರೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ.

ಮೂಳೆ ಕರಗುವುದನ್ನು ತಡೆಯುವ ಮಾತ್ರೆ ಅಲೆಂಡ್ರೊನೇಟ್, 70 ಮಿ.ಗ್ರಾಂ. ವಾರಕ್ಕೊಂದು. ಈ ಊರಿನಲ್ಲಿ ಅದರ ಶತ್ರು ಫಿಲ್ಟರ್ ಕಾಫಿ: ಜೊತೆಗೆ ಕುಡಿದರೆ ರಕ್ತಕ್ಕೆ ಸೇರುವ ಅಂಶ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರು, ಅದೂ ಬೋರ್‌ವೆಲ್ಲಿನ ಗಡಸು ನೀರಲ್ಲ. ಅರ್ಧ ಗಂಟೆ ಮಲಗಬಾರದು, ಮಲಗಿದರೆ ಅನ್ನನಾಳ ಸುಡುತ್ತದೆ.

ಇದು ಆಗದವರಿಗೆ ವರ್ಷಕ್ಕೊಮ್ಮೆ ಝೊಲೆಡ್ರೊನೇಟ್ 5 ಮಿ.ಗ್ರಾಂ., 100 ಮಿ.ಲೀ. ಡ್ರಿಪ್ಪಿನಲ್ಲಿ. 15 ನಿಮಿಷಕ್ಕಿಂತ ಬೇಗ ಮುಗಿಸಬಾರದು, ನಾನು ಅರ್ಧ ಗಂಟೆ ಬಿಡಿಸುತ್ತೇನೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎನ್ನುವ ಅಳತೆ) 35ಕ್ಕಿಂತ ಕಡಿಮೆಯಿದ್ದರೆ ಬೇಡ. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದೆಂದು ಮೊದಲೇ ಹೇಳಿ ಪ್ಯಾರಸಿಟಮಾಲ್ ಕೊಟ್ಟಿರಬೇಕು. ಡಿ ಸರಿಪಡಿಸದೆ ಡ್ರಿಪ್ ಹಾಕಿದರೆ ಕ್ಯಾಲ್ಸಿಯಂ ಕುಸಿದು ಬಾಯಿಸುತ್ತ, ಬೆರಳ ತುದಿ ಜುಮ್ಮೆನ್ನುತ್ತದೆ. ಹಲ್ಲು ಕೀಳಿಸುವುದಿದ್ದರೆ ಅದನ್ನೂ ಮುಂಚೆಯೇ ಮುಗಿಸಿ ಬರಲು ಹೇಳುತ್ತೇನೆ.

ಡೆನೊಸುಮ್ಯಾಬ್ 60 ಮಿ.ಗ್ರಾಂ. ಚುಚ್ಚುಮದ್ದು ಆರು ತಿಂಗಳಿಗೊಮ್ಮೆ. ಮೂತ್ರಪಿಂಡ ಸೋತವರಿಗೂ ಕೊಡಬಹುದು, ಕ್ಯಾಲ್ಸಿಯಂ ಮೇಲೆ ಕಣ್ಣಿಟ್ಟು. ಇದರ ತೊಡಕು ನಿಲ್ಲಿಸುವಾಗ. ಕೊನೆಯ ಚುಚ್ಚುಮದ್ದಿನಿಂದ ಏಳನೇ ತಿಂಗಳು ದಾಟಿದರೆ ತಡೆಹಿಡಿದ ಸವೆತ ಒಮ್ಮೆಲೇ ನುಗ್ಗಿ, ಒಂದರ ಹಿಂದೆ ಒಂದು ಕಶೇರು ಕುಸಿಯುವುದುಂಟು. ನಿಲ್ಲಿಸಲೇಬೇಕೆಂದರೆ ಅಲೆಂಡ್ರೊನೇಟ್ ಅಥವಾ ಝೊಲೆಡ್ರೊನೇಟ್ ಹಿಂದೆಯೇ ಬರಬೇಕು. ‘ಮಗನ ಹತ್ರ ಅಮೆರಿಕಾಗೆ ಹೋಗ್ತಿದೀನಿ, ಬಂದ್ಮೇಲೆ ಹಾಕಿಸ್ಕೊಳ್ತೀನಿ’ ಎನ್ನುವವರಿಗೆ ನಾನು ಇದನ್ನು ಶುರುವೇ ಮಾಡುವುದಿಲ್ಲ. ಉಳಿದವರಿಗೆ ಮುಂದಿನ ಡೋಸಿನ ತಾರೀಖನ್ನು, ಜೊತೆಗೆ ಬಂದವರ ಫೋನಿನಲ್ಲಿ ಎದುರಿಗೇ ಅಲಾರಂ ಇಡಿಸಿ ಕಳಿಸುತ್ತೇನೆ.